ಬೇಕರಿಯವನ ಹೆಂಡತಿಗೊಂದು ಹೆಸರು

ಲೆನಿನ್‌ಗ್ರಾದಿನ ಆ ಮೂರನೇ ಮಹಡಿಯ ಮನೆಯಲ್ಲಿ ನಾಲ್ಕು ಸಂಸಾರಗಳಿಗೆ ಸೇರಿ ಒಂದೇ ಅಡುಗೆಮನೆ, ಒಂದೇ ಕಕ್ಕಸು, ಒಂದೇ ಕರೆಗಂಟೆ. ಗಂಟೆ ಒಂದು ಸಲ ಬಡಿದರೆ ತೆರೆಂತಿ ಲುಕಿಚ್ ಏಳಬೇಕು, ಎರಡು ಸಲ ಬಡಿದರೆ ಕ್ಲಾವ್ದಿಯಾ, ಮೂರು ಸಲಕ್ಕೆ ಗೆನ್ಯಾ, ನಾಲ್ಕು ಸಲಕ್ಕೆ ಮಿಖೇಯೆವ್ ಗಂಡಹೆಂಡಿರು. ಹೊರಬಾಗಿಲಿಗೆ ತಗಡಿನ ಚೌಕಟ್ಟಿನೊಳಗೆ ಈ ಪಟ್ಟಿ ಹಾಕಿತ್ತು. ಟೈಪು ಮಾಡಿ ಅಂಟಿಸಿದವಳು ಗೆನ್ಯಾಳೇ. ತನ್ನದಲ್ಲದ ಗಂಟೆಗೆ ಎದ್ದು ಹೋಗಿ ಬಾಗಿಲು ತೆಗೆಯುವುದು ಆ ಮನೆಯಲ್ಲಿ ಕಂಡವರ ಪತ್ರ ಒಡೆದು ಓದಿದಷ್ಟೇ ದೊಡ್ಡ ತಪ್ಪಾಗಿತ್ತು.

ಗೆನ್ಯಾ ಒಂದು ಪ್ರಕಾಶನದ ಟೈಪಿಂಗ್ ಕೋಣೆಯಲ್ಲಿ ಕೆಲಸಕ್ಕಿದ್ದಳು. ಪಾಸ್‌ಪೋರ್ಟಿನಲ್ಲಿ ಅವಳು ಯೆವ್ಗೇನಿಯಾ ಸೆಮ್ಯೊನೊವ್ನಾ, ಎಂದರೆ ಸೆಮ್ಯೊನನ ಮಗಳು. ಅಪ್ಪನ ನಿಜವಾದ ಹೆಸರು ಜಲ್ಮನ್. ಆ ಹೆಸರು ಹೇಳಿದಾಗಲೆಲ್ಲ ಗುಮಾಸ್ತರು ಪೆನ್ನು ನಿಲ್ಲಿಸಿ ಒಮ್ಮೆ ಮುಖ ನೋಡುತ್ತಿದ್ದರು. ಅದರ ಕಾಟ ತಾಳಲಾರದೆ ಸೆಮ್ಯೊನ್ ಮಾಡಿಕೊಂಡಳು. ಅದೇ ಪಾಸ್‌ಪೋರ್ಟಿನಲ್ಲಿ ಜನಾಂಗ ನಮೂದಿಸುವ ಐದನೇ ಸಾಲಿನಲ್ಲಿ ‘ಯೆಹೂದಿ’ ಎಂದು ಬರೆದದ್ದು ಮಾತ್ರ ಹಾಗೇ ಇತ್ತು. ಮೂಗಿಗೂ ಐದನೇ ಸಾಲಿಗೂ ಏನೂ ಮಾಡಲಾಗದು ಎಂದು ಅವಳೇ ನಗುತ್ತಿದ್ದಳು.

ಹದಿನೇಳು ವರ್ಷ ಕಾದಂಬರಿಗಳನ್ನು ಟೈಪು ಮಾಡಿದ ಮೇಲೆ ಅವಳಿಗೆ ಗೊತ್ತಾದ ಗುಟ್ಟು ಯಾವ ಪ್ರೊಫೆಸರಿಗೂ ಗೊತ್ತಿರಲಿಲ್ಲ. ಲೇಖಕ ಮೊದಲು ತರುವ ಕರಡಿನಲ್ಲಿ ಡಾಕ್ಟರ್ ಗುರೆವಿಚ್ ಎಂಬ ಯೆಹೂದಿ ಇರುತ್ತಿದ್ದ. ಸಂಪಾದಕರ ಮೇಜಿನಿಂದ ತಿರುಗಿ ಬಂದಾಗ ಅವನು ಡಾಕ್ಟರ್ ಗುರ್ಯೆವ್ ಆಗಿರುತ್ತಿದ್ದ. ಮಾತು ಅದೇ, ಭುಜ ಕುಣಿಸುವುದು ಅದೇ, ನಲವತ್ತು ದಾಟಿದರೂ ಅಮ್ಮನಿಗೆ ಹೆದರುವುದು ಅದೇ. ಮನುಷ್ಯ ಮಾತ್ರ ಅಚ್ಚ ರಷ್ಯನ್. ಬಡ್ಡಿ ವಸೂಲಿಯವನು, ಹೇಡಿ, ನಗೆಚಾಟಿಕೆಯವನು ಇವರನ್ನು ಯಾರೂ ತಿದ್ದುತ್ತಿರಲಿಲ್ಲ. ಅವರು ಯೆಹೂದಿಗಳಾಗಿಯೇ ಅಚ್ಚಾಗುತ್ತಿದ್ದರು. ಗೆನ್ಯಾ ಇದನ್ನು ನೋಡಿಯೂ ಬಾಯಿಬಿಡುತ್ತಿರಲಿಲ್ಲ. ಟೈಪಿಸ್ಟಿಗೆ ಬೆರಳು ಹತ್ತು, ನಾಲಗೆ ಸೊನ್ನೆ ಎಂದು ಆ ಕೋಣೆಯ ಹಿರಿಯಳು ಮೊದಲ ದಿನವೇ ಪಾಠ ಹೇಳಿದ್ದಳು.

ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಸಂಬಂಧಿಕರೂ ಇಲ್ಲ. ಇದ್ದವಳು ಎರಡು ಸಲ ಗಂಟೆಯ ಕ್ಲಾವ್ದಿಯಾ, ಅಂದರೆ ಕ್ಲಾವಾ ಒಬ್ಬಳೇ. ಕ್ಲಾವಾ ಬ್ರೆಡ್ ಕಾರ್ಖಾನೆಯ ಕೆಲಸಗಾರ್ತಿ. ದಪ್ಪ ಕೈ, ದೊಡ್ಡ ಗಂಟಲು, ಶಿಲುಬೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುವ ಹೆಂಗಸು. ನಗರವನ್ನು ಜರ್ಮನರು ಮುತ್ತಿದ ಮೊದಲ ಚಳಿಗಾಲದಲ್ಲಿ ಗೆನ್ಯಾಳ ತಾಯಿ ಹಸಿವಿನಿಂದ ಸತ್ತಾಗ ಹೆಣವನ್ನು ಜಾರುಬಂಡಿಗೆ ಕಟ್ಟಿ ಎಳೆದವಳು ಇದೇ ಕ್ಲಾವಾ. ಆಗ ಅವಳಿಗೆ ಹದಿನೇಳು, ಗೆನ್ಯಾಗೆ ಹನ್ನೊಂದು. ಆಮೇಲೆ ತಿಂಗಳುಗಟ್ಟಲೆ ತನ್ನ ಅಂಗೈಯಗಲದ ಬ್ರೆಡ್ಡಿನಲ್ಲಿ ಒಂದು ತುಂಡು ಮುರಿದು ಈ ಹುಡುಗಿಯ ಬಾಯಿಗೆ ಇಟ್ಟಳು. ಅಷ್ಟೂ ಮಾಡಿ, ಅದರ ಮಾತೆತ್ತಿದರೆ ಕ್ಲಾವಾ ಸಿಡುಕುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತೇಳರ ಕೊನೆಯಲ್ಲಿ ಅರ್ಕಾದಿ ಬೊರೀಸೊವಿಚ್ ಪೊಲ್ಯಾನ್ಸ್ಕಿ ಎಂಬ ಲೇಖಕ ಒಂದು ಕಾದಂಬರಿ ತಂದ. ಇವನೂ ಹುಟ್ಟುವಾಗ ಬೇರೆ ಹೆಸರಿನವನೇ. ಕತೆ ಅವನ ಹುಟ್ಟೂರಿನದು, ಬೆಲೊರಷ್ಯದ ಒಂದು ಸಣ್ಣ ಊರಿನದು. ಅದರ ನಡುವೆ ಒಂದು ಅಧ್ಯಾಯವಿತ್ತು. ಜರ್ಮನರ ಚಾಕರಿಗೆ ಸೇರಿದ ಪೋಲೀಸಿನವನು ಬೆಳಿಗ್ಗೆ ಚೌಕದಲ್ಲಿ ನಿಂತು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಾನೆ. ಕರೆದವರು ಊರ ಹೊರಗಿನ ಗುಂಡಿಯ ಕಡೆ ನಡೆಯುತ್ತಾರೆ. ನಲವತ್ತೊಂದು ಜನ. ನಲವತ್ತು ಯೆಹೂದಿ ಹೆಸರುಗಳು, ನಲವತ್ತೊಂದನೆಯ ಕಡೆ ಬರೀ ಚುಕ್ಕಿಗಳು. ಆ ಚುಕ್ಕಿಗಳು ಬೇಕರಿಯವನ ಹೆಂಡತಿ.

ಸಂಪಾದಕರು ಕಾದಂಬರಿಯನ್ನು ಹೊಗಳಿದರು, ಕಣ್ಣೊರೆಸಿಕೊಂಡರು, ಆಮೇಲೆ ಕೆಂಪು ಪೆನ್ಸಿಲು ತೆಗೆದರು. ನಾಜಿಗಳು ಕೊಂದದ್ದು ಸೋವಿಯತ್ ಪ್ರಜೆಗಳನ್ನು, ಯಾವುದೋ ಒಂದೇ ಜನಾಂಗವನ್ನಲ್ಲ, ಹೆಸರು ಬದಲಾಯಿಸಿ ಎಂದರು. ಚುಕ್ಕಿಗಳಿಗೂ ಒಂದು ಹೆಸರು ಹಾಕಿ, ಹೆಸರಿಲ್ಲದ ಹೆಂಗಸನ್ನು ಓದುಗರು ಏನೆಂದುಕೊಳ್ಳುತ್ತಾರೆ ಎಂದೂ ಸೇರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಪಾದಕರ ಉದ್ಯೋಗವೇ ಅದು.

ಪೊಲ್ಯಾನ್ಸ್ಕಿ ಟೈಪಿಂಗ್ ಕೋಣೆಗೆ ಬಂದು ಗೆನ್ಯಾಳ ಮೇಜಿನ ಮುಂದೆ ಟೊಪ್ಪಿ ತಿರುಗಿಸುತ್ತ ನಿಂತ.

“ಗೆನೆಚ್ಕಾ, ನಲವತ್ತೊಂದು ಹೆಸರು ಬೇಕು. ನನ್ನ ಕೈಲಾಗಲ್ಲ. ನೀವೇ ಹಾಕಿ.”

“ನಾನಾ? ನಾನು ಟೈಪು ಮಾಡೋಳು, ಸ್ವಾಮಿ.”

“ಅದಕ್ಕೇ ಕೇಳ್ತಿರೋದು. ನೀವು ಅವರನ್ನ ನೋಡಿಲ್ಲ. ನಾನು ಅವರ ಅಂಗಡಿಗಳಲ್ಲಿ ಸಕ್ಕರೆ ಅಚ್ಚು ಕದ್ದು ಒದೆ ತಿಂದೋನು.”

ಗೆನ್ಯಾ ಒಪ್ಪಿದಳು. ಮೂವತ್ತೊಂಬತ್ತು ಹೆಸರು ಹೊಂದಿಸುವುದು ಕಷ್ಟವಾಗಲಿಲ್ಲ. ಮುತ್ತಿಗೆಯ ಚಳಿಗಾಲದಲ್ಲಿ ಅವರ ಮೆಟ್ಟಿಲುಸಾಲಿನಲ್ಲೇ ಅಷ್ಟು ರಷ್ಯನ್ನರು ಸತ್ತಿದ್ದರು. ಮಹಡಿ ಮಹಡಿಯಾಗಿ ನೆನೆಸಿಕೊಂಡು ಅವರ ಹೆಸರುಗಳನ್ನೇ ಕೊಟ್ಟಳು. ಸತ್ತವರ ಹೆಸರು ಸತ್ತವರಿಗೆ, ಯಾರಿಗೂ ಮೋಸವಿಲ್ಲ. ಕೊನೆಗೆ ಇಬ್ಬರು ಉಳಿದರು, ಔಷಧಿ ಅಂಗಡಿಯವನು ಮತ್ತು ಬೇಕರಿಯವನ ಹೆಂಡತಿ. ಮನೆಗೆ ಬಂದು ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಕಣ್ಣೆದುರಿಗೇ ಕರೆಗಂಟೆಯ ಪಟ್ಟಿ ಕಂಡಿತು.

ಬದುಕಿರುವವರ ಹೆಸರನ್ನು ಇನ್ನೊಬ್ಬರಿಗೆ ಇಡಬಾರದು. ಇದು ಅವಳ ಜನ ಹಾಲಿನ ಜೊತೆ ಕುಡಿಯುವ ನಿಯಮ. ಅಜ್ಜಿ ಬದುಕಿರುವಾಗ ಮೊಮ್ಮಗಳಿಗೆ ಅಜ್ಜಿಯ ಹೆಸರಿಟ್ಟರೆ ಸಾವಿನ ದೂತನಿಗೆ ಗಲಿಬಿಲಿಯಾಗುತ್ತದೆ, ಒಬ್ಬರಿಗೆ ಬಂದವನು ಇನ್ನೊಬ್ಬರನ್ನು ಒಯ್ಯುತ್ತಾನೆ. ಗೆನ್ಯಾಗೆ ಇದು ನೆನಪಾಗದೆ ಇರಲಿಲ್ಲ. ಆದರೆ ನಮ್ಮ ದೂತನಿಗೆ ಶಿಲುಬೆ ಹಾಕಿಕೊಳ್ಳುವವರ ಮನೆಯಲ್ಲಿ ಏನು ಕೆಲಸ, ಅವರ ಲೆಕ್ಕ ಅವರ ದೇವರದು ಎಂದುಕೊಂಡು ನಕ್ಕಳು. ಮರುದಿನ ಔಷಧಿ ಅಂಗಡಿಯವನು ತೆರೆಂತಿ ಲುಕಿಚ್ ಆದ. ಬೇಕರಿಯವನ ಹೆಂಡತಿ ಕ್ಲಾವ್ದಿಯಾ ನಿಕಿತಿಚ್ನಾ ಆದಳು. ಬ್ರೆಡ್ಡಿನವಳಿಗೆ ಬ್ರೆಡ್ಡಿನವಳ ಹೆಸರು, ಒಪ್ಪುತ್ತದೆ ಎನಿಸಿತು. ಮಿಖೇಯೆವ್ ಕುಡುಕನಾದ್ದರಿಂದ ಅವನ ಹೆಸರನ್ನು ಯಾವ ಒಳ್ಳೆಯವನಿಗೂ ಕೊಡಲು ಮನಸ್ಸು ಬರಲಿಲ್ಲ. ಆ ಮನುಷ್ಯ ಆಮೇಲೆ ಇಪ್ಪತ್ತು ವರ್ಷ ಕುಡಿದುಕೊಂಡೇ ಬದುಕಿದ.

ಫೆಬ್ರವರಿಯ ಒಂದು ಭಾನುವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಒಂದು ಸಲ ಗಂಟೆಯಾಯಿತು. ತೆರೆಂತಿ ಲುಕಿಚ್ ಚಪ್ಪಲಿ ಎಳೆದುಕೊಂಡು ಹೋಗಿ ತೆಗೆದ. ಯಾರೂ ಇರಲಿಲ್ಲ. ಸೋಮವಾರವೂ ಹಾಗೇ ಆಯಿತು. ಮಂಗಳವಾರ ಮುದುಕ ಅಡುಗೆಮನೆಗೆ ಬಂದು ರೇಗಿದ.

“ಯಾವನೋ ಪೋಕರಿ ಆಟ ಆಡ್ತಿದಾನೆ. ಇವತ್ತು ಕೆಳಗಿನಿಂದ ನನ್ನ ಹೆಸರು ಹಿಡಿದು ಕೂಗಿದ. ಅಪ್ಪನ ಹೆಸರೂ ಸೇರಿಸಿ! ಮರ್ಯಾದೆ ಬೇರೆ ಕೇಡು!”

ಬುಧವಾರ ಅವನು ಏಳಲಿಲ್ಲ. ಮಂಚದಂಚಿನಲ್ಲಿ ಕುಳಿತೇ ಸತ್ತಿದ್ದ. ಒಂದು ಕಾಲಿಗೆ ಬೂಟು ಹಾಕಿತ್ತು, ಇನ್ನೊಂದು ಬೂಟು ಕೈಯಲ್ಲಿತ್ತು. ಎಪ್ಪತ್ತೊಂಬತ್ತರ ಮುದುಕ, ಟ್ರಾಮಿನ ಕೆಲಸದಲ್ಲಿ ಜೀವ ಸವೆಸಿದವನು, ಯಾರಿಗೂ ಆಶ್ಚರ್ಯವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೆನ್ಯಾ ಮಾತ್ರ ಆ ಬೂಟಿನಿಂದ ಕಣ್ಣು ತೆಗೆಯಲಿಲ್ಲ. ಕಾದಂಬರಿಯಲ್ಲಿ ಪಟ್ಟಿಯವನು ಕರೆದಾಗ ಔಷಧಿ ಅಂಗಡಿಯವನು ‘ತಡಿ, ಬೂಟು ಹಾಕ್ಕೊಳ್ತೀನಿ’ ಎಂದು ಜಗಲಿಯಲ್ಲಿ ಕೂರುತ್ತಾನೆ. ಒಂದು ಕಾಲಿಗೆ ಹಾಕುತ್ತಾನೆ. ಎರಡನೆಯದಕ್ಕೆ ಪೋಲೀಸಿನವನು ಕಾಯುವುದಿಲ್ಲ. ಇವಳೇ ಟೈಪು ಮಾಡಿದ್ದ ಪುಟ, ಕಾರ್ಬನ್ ಹಾಕಿ ನಾಲ್ಕು ಪ್ರತಿ.

ಅಂತ್ಯಕ್ರಿಯೆ ಮುಗಿದ ಮರುದಿನ ಎರಡು ಸಲ ಗಂಟೆಯಾಯಿತು.

ಕ್ಲಾವಾ ಹೋಗಿ ಬಂದಳು. “ಯಾರೂ ಇಲ್ಲ ಕಣೇ. ಆದ್ರೆ ಒದ್ದೆ ಹೆಜ್ಜೆ ಇದೆ ನೋಡು, ಮೆಟ್ಟಿಲ ತುಂಬ.”

ಗೆನ್ಯಾ ಹೋಗಿ ನೋಡಿದಳು. ಹೆಜ್ಜೆಗಳು ಕೆಳಗಿನಿಂದ ಬಾಗಿಲವರೆಗೆ ಹತ್ತಿ ಬಂದಿದ್ದವು. ಹೊಸ್ತಿಲ ಮುಂದೆ ಎರಡೂ ಪಾದ ಜೋಡಿಸಿ ನಿಂತ ಗುರುತಿತ್ತು. ಇಳಿದು ಹೋದ ಗುರುತು ಒಂದೂ ಇರಲಿಲ್ಲ. ಅವಳು ಚಿಂದಿ ತಂದು ಹೊಸ್ತಿಲು ಒರೆಸಿದಳು. ಒರೆಸಿದ ಕಡೆ ಸ್ವಲ್ಪ ಹೊತ್ತಿಗೆ ಮತ್ತೆ ಒದ್ದೆಯಾಯಿತು.

ಎರಡನೆಯ ದಿನ ಬಾಗಿಲು ತೆಗೆದ ಕ್ಲಾವಾಳಿಗೆ ಕೆಳಗಿನ ಕತ್ತಲಿನಿಂದ ಯಾರೋ ‘ಹೊರಟ್ರಾ?’ ಎಂದು ವಿಚಾರಿಸಿದ ಹಾಗಾಯಿತಂತೆ. ಗಂಡಸಿನ ದನಿ, ಬಹಳ ಸಭ್ಯ. ಅವತ್ತೇ ಅವಳಿಗೆ ಚಳಿಜ್ವರ ಹಿಡಿಯಿತು. ಮೂರನೆಯ ದಿನ ಗಂಟೆಯಾದಾಗ ಎದ್ದು ಹೋಗಲು ಹವಣಿಸಿದವಳನ್ನು ಗೆನ್ಯಾ ತೋಳು ಹಿಡಿದು ಮಲಗಿಸಬೇಕಾಯಿತು. ಡಾಕ್ಟರು ಬಂದು ಎರಡೂ ಶ್ವಾಸಕೋಶಕ್ಕೆ ತಗಲಿದೆ ಎಂದರು. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿರಲಿಲ್ಲ, ಎರಡು ದಿನ ನೋಡೋಣ ಎಂದು ಸೂಜಿಮದ್ದು ಚುಚ್ಚಿ ಹೋದರು. ಸಂಜೆ ಕ್ಲಾವಾ ಕಣ್ಣು ತೆರೆದಳು. ದಿಂಬಿನಡಿಯಿಂದ ತನ್ನ ಕೋಣೆಯ ಕೀಲಿಕೈ ತೆಗೆದು ಗೆನ್ಯಾಳ ಅಂಗೈಯಲ್ಲಿಟ್ಟಳು.

“ಒಲೆ ಆರಿಸಿದ್ದೀನಿ. ಹಿಟ್ಟು ಮುಚ್ಚಿಟ್ಟಿದ್ದೀನಿ. ಕೀಲಿಕೈ ನೀನಿಟ್ಕೋ.”

ಕಾದಂಬರಿಯಲ್ಲಿ ಬೇಕರಿಯವನ ಹೆಂಡತಿ ಎಲ್ಲರಿಗಿಂತ ಕೊನೆಗೆ ಹೊರಡುತ್ತಾಳೆ. ಹೊರಡುವ ಮೊದಲು ಪಕ್ಕದ ಮನೆಯವಳ ಕೈಗೆ ಕೀಲಿಕೈ ಕೊಟ್ಟು ಹೇಳುವ ಮಾತು ಅಕ್ಷರಕ್ಕೆ ಅಕ್ಷರ ಇದೇ. ಕ್ಲಾವಾ ಆ ಕಾದಂಬರಿಯ ಒಂದು ಸಾಲನ್ನೂ ಓದಿದವಳಲ್ಲ.

ಬೆಳಗಾಗುತ್ತಲೇ ಗೆನ್ಯಾ ಪೊಲ್ಯಾನ್ಸ್ಕಿಯ ಮನೆಗೆ ಓಡಿದಳು. ಅವನು ಬನಿಯನ್ನಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ.

“ಅರ್ಕಾದಿ ಬೊರೀಸೊವಿಚ್, ಬೇಕರಿಯವನ ಹೆಂಡತಿಯ ನಿಜವಾದ ಹೆಸರು ಹೇಳಿ. ಇವತ್ತು ಮಧ್ಯಾಹ್ನ ಹಾಳೆಗಳು ಮುದ್ರಣಾಲಯಕ್ಕೆ ಹೋಗ್ತವೆ. ಅಷ್ಟರೊಳಗೆ ಬದಲಾಯಿಸಬೇಕು.”

ಅವನು ಲೋಟ ಕೆಳಗಿಟ್ಟ. “ಯಾಕೆ?”

“ಬದುಕಿರೋಳ ಹೆಸರು ಕೊಟ್ಟುಬಿಟ್ಟೆ.”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಇವನು ನಗಲಿಲ್ಲ.

“ಅವಳು ನಮ್ಮಮ್ಮ,” ಎಂದ. “ಅವತ್ತು ಚೌಕದಲ್ಲಿ ಅವಳನ್ನ ಕಂಡೋರು ಯಾರೂ ಸಿಕ್ಕಿಲ್ಲ. ನಲವತ್ತು ಜನರ ವಿಚಾರ ಗೊತ್ತಾಯ್ತು, ಅವಳದ್ದು ಗೊತ್ತಾಗಲಿಲ್ಲ. ಆ ಕೀಲಿಕೈ, ಆ ಮಾತು ಎಲ್ಲ ನಾನೇ ಕಟ್ಟಿದ್ದು. ಇಪ್ಪತ್ತಾರು ವರ್ಷ ಆಯ್ತು. ಆ ಪಟ್ಟೀಲಿ ಅವಳ ಹೆಸರು ಬರೆದ್ರೆ ನಾನೇ ಅವಳನ್ನ ಕರೆದ ಹಾಗೆ ಆಗುತ್ತೆ. ನಿಮ್ಮ ಗೆಳತಿ ಸಾಯ್ತಾಳೆ ಅಂದ್ರೂ ನನ್ನ ಕೈಲಾಗಲ್ಲ, ಗೆನೆಚ್ಕಾ. ಬೈಯಿರಿ ಬೇಕಾದ್ರೆ.”

ಗೆನ್ಯಾ ಬೈಯಲಿಲ್ಲ. ಮೆಟ್ಟಿಲಿಳಿದು ಟ್ರಾಮಿಗೆ ಕಾಯುತ್ತ ನಿಂತಳು. ಇನ್ನೊಬ್ಬ ಸತ್ತವಳ ಹೆಸರು ಹಾಕಬಹುದಿತ್ತು. ಆದರೆ ಅವಳ ಅಜ್ಜಿಯ ಲೆಕ್ಕದಲ್ಲಿ ದೂತ ಒಮ್ಮೆ ಹೊರಟನೆಂದರೆ ಬರಿಗೈಯಲ್ಲಿ ತಿರುಗಿ ಹೋಗುವವನಲ್ಲ. ಅವನಿಗೆ ಬರಬೇಕಾದ ಹೆಸರೇ ಬೇಕು. ಅಂಥದ್ದು ಒಂದು ಇತ್ತು.

ಅವಳಿಗೆ ಆರು ವರ್ಷವಾಗಿದ್ದಾಗ, ಹಳ್ಳಿಯ ಅಜ್ಜಿಯ ಮನೆಯಲ್ಲಿ, ಕೆಂಪುಜ್ವರ ಬಂದು ಬದುಕುವ ಆಸೆ ಬಿಟ್ಟುಹೋಗಿತ್ತು. ಅಜ್ಜಿ ದ್ವೋಶಾ ಹತ್ತು ಜನ ಗಂಡಸರನ್ನು ಕರೆಸಿ ಪ್ರಾರ್ಥನೆ ಓದಿಸಿ ಮಗುವಿನ ಹೆಸರನ್ನೇ ಬದಲಾಯಿಸಿದಳು. ಹೊಸದು ತೊಂಬತ್ತು ದಾಟಿ ಸತ್ತ ಯಾರೋ ದೊಡ್ಡಮ್ಮನ ಹೆಸರು, ಗೆನ್ಯಾ. ದೂತ ಬಂದು ಹಳೆಯ ಹೆಸರು ಹಿಡಿದು ಹುಡುಕುತ್ತಾನೆ, ಅಂಥವಳು ಇಲ್ಲಿಲ್ಲ ಎಂದು ಕಂಡು ಹೋಗುತ್ತಾನೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಯಾರು ಆ ಹೆಸರಿನಿಂದ ಕರೆದರೂ ಓಗೊಡಬೇಡ, ನೀನೂ ಬಾಯಲ್ಲಿ ತರಬೇಡ ಎಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದಳು. ಆ ಅಜ್ಜಿಯೂ ನಲವತ್ತೊಂದರಲ್ಲಿ ಅಂಥದ್ದೇ ಒಂದು ಗುಂಡಿಗೆ ಹೋದಳು. ಮೂವತ್ತೆರಡು ವರ್ಷದಿಂದ ಆ ಹೆಸರನ್ನು ಯಾರೂ ಉಚ್ಚರಿಸಿರಲಿಲ್ಲ. ಬದುಕಿರುವವರದ್ದೂ ಅಲ್ಲ, ಸತ್ತವರದ್ದೂ ಅಲ್ಲ.

ಟೈಪಿಂಗ್ ಕೋಣೆಯಲ್ಲಿ ಹನ್ನೆರಡು ಯಂತ್ರಗಳು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತಿದ್ದವು. ಸಂಪಾದಕರು ಸಹಿ ಹಾಕಿದ ಹಾಳೆಗಳ ಕಟ್ಟು ಮೇಜಿನ ಮೇಲಿತ್ತು. ಗೆನ್ಯಾ ಆ ಪುಟಗಳನ್ನು ಎಳೆದು ಹೊಸದಾಗಿ ಟೈಪು ಮಾಡಿದಳು. ಕ್ಲಾವ್ದಿಯಾ ನಿಕಿತಿಚ್ನಾ ಇದ್ದ ಕಡೆಯೆಲ್ಲ ‘ಶಿಫ್ರಾ ಜಲ್ಮನೊವ್ನಾ’ ಎಂದು ಹೊಡೆದಳು. ಮೊದಲ ಸಲ ಆ ಹೆಸರಿನ ಕೊನೆಯ ಅಕ್ಷರ ಒತ್ತಿದಾಗ ಉಳಿದ ಹನ್ನೊಂದು ಯಂತ್ರಗಳೂ ಒಟ್ಟಿಗೆ ನಿಂತವು. ಯಾರೂ ನಿಲ್ಲಿಸಿರಲಿಲ್ಲ, ಎಲ್ಲರೂ ಒಂದೇ ಸಲ ಸಾಲಿನ ಕೊನೆಗೆ ಬಂದಿದ್ದರಂತೆ. ಅಂಥದ್ದು ಆಗುವುದುಂಟು ಎಂದು ಹಿರಿಯಳು ಹೇಳಿದಳು. ಗೆನ್ಯಾ ಹದಿನೇಳು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಸಂಜೆ ಮನೆಗೆ ಹೋದಾಗ ಹೊಸ್ತಿಲು ಒಣಗಿತ್ತು. ಕ್ಲಾವಾ ದಿಂಬಿಗೊರಗಿ ಕುಳಿತು, ಮಿಖೇಯೆವನ ಹೆಂಡತಿ ಮಾಡಿಕೊಟ್ಟ ಗಂಜಿಯಲ್ಲಿ ಉಪ್ಪಿಲ್ಲವೆಂದು ಜಗಳ ತೆಗೆದಿದ್ದಳು.

ಪುಸ್ತಕ ಹೊರಬಂತು. ಮೂವತ್ತು ಸಾವಿರ ಪ್ರತಿ, ನಲವತ್ತು ರಷ್ಯನ್ ಹೆಸರು, ಒಂದು ಶಿಫ್ರಾ. ಸಂಪಾದಕರು ಹೌಹಾರಿದರು. ವಿಚಾರಣೆಯಾಗಿ ಗೆನ್ಯಾಳ ಕೆಲಸ ಹೋಯಿತು; ಮುಂದೆ ಅವಳು ಮನೆಯಲ್ಲೇ ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿ ಹೊಟ್ಟೆ ಹೊರೆದಳು. ಪುಸ್ತಕವನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಅದು ಅಂಗಡಿಗಳಿಂದ ಮಾಯವಾಗಿತ್ತು. ಪೊಲ್ಯಾನ್ಸ್ಕಿಗೆ ಮಿನ್ಸ್ಕಿನಿಂದ, ತಾಷ್ಕೆಂಟಿನಿಂದ, ಎಲ್ಲೆಲ್ಲಿಂದಲೋ ಪತ್ರ ಬಂದವು. ಆ ಒಂದು ಹೆಸರು ಓದಿದೆವು, ಉಳಿದ ನಲವತ್ತು ಜನ ಯಾರೆಂದು ತಿಳಿಯಿತು ಎಂದು ಬರೆದಿದ್ದರು. ಅವನು ಆ ಪತ್ರಗಳನ್ನು ಗೆನ್ಯಾಗೆ ತಂದು ತೋರಿಸಿದ.

“ನಮ್ಮಮ್ಮನ ಹೆಸರು ಇದಲ್ಲ.”

“ಗೊತ್ತು.”

“ಮತ್ತೆ ಯಾರದು?”

ಗೆನ್ಯಾ ಪತ್ರಗಳನ್ನು ಮಡಿಸಿ ಅವನ ಕೈಗೆ ಕೊಟ್ಟಳು. ಅವನು ಕೊನೆಯವರೆಗೂ ಮತ್ತೆ ಕೇಳಲಿಲ್ಲ.

ಮುಂದೆ ಸುಮಾರು ನಲವತ್ತು ವರ್ಷ ಆ ಮನೆಯ ಗಂಟೆ ಹಾಲಿನವಳಿಗೆ, ಅಂಚೆಯವನಿಗೆ, ನೆಂಟರಿಗೆ ಮಾತ್ರ ಬಡಿಯಿತು. ಸೋವಿಯತ್ ದೇಶ ಹೋಯಿತು, ಊರಿನ ಹೆಸರು ಪೀಟರ್ಸ್‌ಬರ್ಗ್ ಆಯಿತು, ಮಿಖೇಯೆವರ ಕೋಣೆಗೆ ಯಾರೋ ಕಾಲೇಜು ಹುಡುಗಿ ಬಂದಳು. ಅಡುಗೆಮನೆ ಮಾತ್ರ ಈಗಲೂ ಒಂದೇ. ಕ್ಲಾವಾಗೆ ಎಂಬತ್ತಮೂರು, ಗೆನ್ಯಾಗೆ ಎಪ್ಪತ್ತೇಳು. ಆಗ ಆ ಕಾದಂಬರಿಯನ್ನು ಟೀವಿಯವರು ಧಾರಾವಾಹಿ ಮಾಡಿದರು.

ಕಾಲ ತಿರುಗಿತ್ತು. ಯೆಹೂದಿಗಳನ್ನು ಬಚ್ಚಿಡುವುದು ಹೋಗಿ ಮೆರೆಸುವುದು ಬಂದಿತ್ತು. ನಲವತ್ತು ರಷ್ಯನ್ನರನ್ನೂ ಹಿಡಿದು ಮತ್ತೆ ಯೆಹೂದಿ ಮಾಡಿದ್ದರು. ಎಲ್ಲರಿಗೂ ಗುಂಗುರು ಕೂದಲು, ಮಾತಿಗೊಂದು ಹಾಸ್ಯ, ಮೂಲೆಗೊಂದು ಪಿಟೀಲು. ಹಳೆಯ ಹೆಸರುಗಳು ಯಾರಿಗೂ ಗೊತ್ತಿಲ್ಲದ್ದರಿಂದ ನಗೆಚಾಟಿಕೆಯ ಪುಸ್ತಕದಿಂದ ಹೆಕ್ಕಿದ್ದರು. ಎಲ್ಲರಿಗಿಂತ ಮೇಲೆ ಶಿಫ್ರಾ: ದುಂಡು ಮುಖ, ಕೆಂಪು ಕೆನ್ನೆ, ಹಿಟ್ಟು ನಾದುತ್ತ ಹಾಡುವ ಬೇಕರಿಯವಳು. ದೇಶಕ್ಕೆ ದೇಶವೇ ಅವಳಿಗೆ ಮರುಳಾಯಿತು. ಬೀದಿಯಂಗಡಿಯಲ್ಲಿ ‘ಶಿಫ್ರಾ ಬನ್ನು’ ಮಾರತೊಡಗಿದರು. ಬಿಲ್ಲು ಹಾಕುವ ಹುಡುಗಿ ಗೆನ್ಯಾಳ ಮೂಗು ನೋಡಿ, “ಅಜ್ಜಿ, ನೀವೂ ಅವರ ಹಾಗೆ ಹಾಡ್ತೀರಾ?” ಎಂದು ಪ್ರೀತಿಯಿಂದಲೇ ಕೇಳಿದಳು.

ಮಧ್ಯಾಹ್ನದ ಮರುಪ್ರಸಾರವನ್ನು ಇಬ್ಬರೂ ಕ್ಲಾವಾಳ ಕೋಣೆಯಲ್ಲಿ ನೋಡುತ್ತಿದ್ದರು. ಗೆನ್ಯಾಗೆ ಬೇಡವಾಗಿತ್ತು, ಕ್ಲಾವಾ ಬಿಡುತ್ತಿರಲಿಲ್ಲ.

“ನಿಮ್ಮೋರು ನಿಜವಾಗ್ಲೂ ಇಷ್ಟು ಹಾಡ್ತಿದ್ರೇನೇ?”

“ನಮ್ಮಜ್ಜಿ ಬೈಗುಳ ಬಿಟ್ಟು ಬೇರೇನೂ ಹಾಡಿದ್ದು ನಾನು ಕೇಳಿಲ್ಲ.”

ಎಂಟನೇ ಕಂತಿನಲ್ಲಿ ಚೌಕ ಬಂತು. ಪಿಟೀಲು ನಿಂತಿತು. ಪಟ್ಟಿ ಹಿಡಿದವನು ಒಬ್ಬೊಬ್ಬರನ್ನೇ ಕರೆದ. ಕೊನೆಗೆ ತಲೆಯೆತ್ತಿ, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಕರೆದ: “ಶಿಫ್ರಾ ಜಲ್ಮನೊವ್ನಾ!”

ಎಪ್ಪತ್ತೊಂದು ವರ್ಷಗಳ ಮೇಲೆ ಗೆನ್ಯಾ ತನ್ನ ಹೆಸರನ್ನು ಕಿವಿಯಾರೆ ಕೇಳಿದಳು. ಪರದೆಯ ಮೇಲಿನ ಶಿಫ್ರಾ ಓಗೊಡಲಿಲ್ಲ. ಆ ಮೌನವನ್ನು ನಿರ್ದೇಶಕ ಬೇಕೆಂದೇ ಎಳೆದಿದ್ದ. ಗೆನ್ಯಾಳ ನಾಲಗೆಯ ತುದಿಗೆ ಉತ್ತರ ಬಂದು ಕುಳಿತಿತು. ಅಷ್ಟರಲ್ಲಿ ಮೂರು ಸಲ ಗಂಟೆಯಾಯಿತು.

“ನಿನಗೆ ಕಣೇ,” ಎಂದಳು ಕ್ಲಾವಾ.

ಗೆನ್ಯಾ ಹೋಗಿ ತೆಗೆದಳು. ಯಾರೂ ಇರಲಿಲ್ಲ. ಬೇಸಿಗೆಯ ದಿನ, ಮೆಟ್ಟಿಲೆಲ್ಲ ಬಿಸಿಲು. ಆ ಬಿಸಿಲಿನಲ್ಲಿ ಒದ್ದೆ ಹೆಜ್ಜೆಗಳು ಕೆಳಗಿನಿಂದ ಹತ್ತಿ ಬಂದು ಅವಳ ಪಾದಗಳೆದುರು ಜೋಡಿಸಿ ನಿಂತಿದ್ದವು.

ಎರಡನೆಯ ದಿನ ಬಾಗಿಲಾಚೆಯಿಂದ ಸಭ್ಯವಾದ ದನಿಯೊಂದು ಆ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳಿ, ‘ಹೊರಟ್ರಾ?’ ಎಂದಿತು. ಗೆನ್ಯಾ ಹಲ್ಲು ಕಚ್ಚಿ ನಿಂತಳು. ಸಾಯಲು ಅವಳಿಗೆ ಇಷ್ಟವಿರಲಿಲ್ಲ. ಎಪ್ಪತ್ತೇಳಾಯಿತು ಎಂದು ಜೀವದ ಆಸೆ ಹೋಗುತ್ತದೆಯೇ? ಕೋಣೆಗೆ ಬಂದು ಕುಸಿದು ಕುಳಿತು ಕ್ಲಾವಾಗೆ ಎಲ್ಲವನ್ನೂ ಹೇಳಿದಳು, ಪಟ್ಟಿಯಿಂದ ಹಿಡಿದು ಅಜ್ಜಿ ದ್ವೋಶಾಳ ಆಣೆಯವರೆಗೆ.

ಕ್ಲಾವಾಳ ಮುಖ ಕೆಂಪಾಯಿತು. “ನನ್ನ ಹೆಸರನ್ನ ಗುಂಡಿಗೆ ಕಳಿಸಿದ್ಯಾ? ನಿನ್ನ ಬಾಯಿಗೆ ಬ್ರೆಡ್ಡಿಟ್ಟೋಳ ಹೆಸರನ್ನ?”

“ತಪ್ಪಾಯ್ತು ಕ್ಲಾವಾ.”

“ತೆರೆಂತಿ ಲುಕಿಚ್‌ನೂ ನೀನೇ ತಿಂದೆ.”

“ಹೌದು.”

ಕ್ಲಾವಾ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ, “ನನ್ನ ಹೆಸರು ತೆಗೆದು ನಿನ್ನದು ಹಾಕಿದ್ಯಾ? ಪೆದ್ದಿ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದು ಅತ್ತಳು.

ಮೂರನೆಯ ದಿನ ಮೂರು ಸಲ ಗಂಟೆಯಾದಾಗ ಗೆನ್ಯಾಳ ಮೈ ಕೆಂಡದಂತೆ ಸುಡುತ್ತಿತ್ತು. ಆದರೂ ಏಳಹೊರಟಳು. ಕ್ಲಾವಾ ತನ್ನ ಊರುಗೋಲಿನಿಂದ ಅವಳನ್ನು ಹಾಸಿಗೆಗೆ ಒತ್ತಿ ತಾನೇ ಎದ್ದಳು. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಒಬ್ಬರ ಗಂಟೆಗೆ ಇನ್ನೊಬ್ಬರು ಹೋದರು. ಸರಪಳಿ ತೆಗೆಯದೆ, ಬಾಗಿಲನ್ನು ಬೆರಳಗಲ ಸರಿಸಿ,

“ಯಾರು ಬೇಕು?” ಎಂದು ಗದರಿದಳು. ಹೊರಗಿನ ಉತ್ತರ ಗೆನ್ಯಾಗೆ ಕೇಳಿಸಲಿಲ್ಲ. “ಶಿಫ್ರಾನಾ? ಅಂಥ ಹೆಸರಿನೋರು ಇಲ್ಲಿ ಯಾರೂ ಇಲ್ಲ. ನಾನು ಹುಟ್ಟಿದ್ದೇ ಈ ಮನೇಲಿ, ನನಗೆ ಗೊತ್ತಿಲ್ವಾ? ಇರೋರು ಇಬ್ರು ಮುದುಕಿಯರು ಮತ್ತೆ ಒಬ್ಳು ಓದೋ ಹುಡುಗಿ. ಅಂಥೋಳು ಇಲ್ಲಿ ಯಾವತ್ತೂ ಇರಲಿಲ್ಲ. ನಡೀರಿ!”

ಬಾಗಿಲು ದಡಾರನೆ ಮುಚ್ಚಿತು. ಹೆಜ್ಜೆಗಳು ಒಂದೊಂದೇ ಮೆಟ್ಟಿಲಿಳಿದು ಹೋಗುವುದು ಇಬ್ಬರಿಗೂ ಕೇಳಿಸಿತು.

“ಹೋದ,” ಎಂದಳು ಕ್ಲಾವಾ ಒಳಗೆ ಬಂದು, ಗೆದ್ದವಳ ಹಾಗೆ.

ಗೆನ್ಯಾ ಗೋಡೆಗೆ ತಿರುಗಿ ಬಿಕ್ಕುತ್ತಿದ್ದಳು.

“ಯಾಕೇ ಅಳ್ತೀ? ಹೋದ ಅಂದೆನಲ್ಲ!”

“ಯಾವತ್ತೂ ಇರಲಿಲ್ಲ ಅಂದ್ಯಲ್ಲ, ಕ್ಲಾವಾ.”

“ಅಯ್ಯೋ, ನಿನ್ನ ಜೀವ ಉಳಿಸೋಕೆ ಅಂದೆ ಕಣೇ.”

“ಗೊತ್ತು. ಎಲ್ಲರೂ ಜೀವ ಉಳಿಸೋಕೇ ಅಂದಿದ್ದು. ಅಜ್ಜಿ ಅಂದ್ಲು, ನಾನೂ ಎಪ್ಪತ್ತು ವರ್ಷ ಅದನ್ನೇ ಅಂದೆ.” ಅವಳು ಕಣ್ಣೊರೆಸಿಕೊಂಡಳು. “ಇನ್ನೊಂದ್ಸಲ ಅವನು ಬಂದ್ರೆ ಇದ್ದಾಳೆ ಅಂತ ಹೇಳು.”

ಕ್ಲಾವಾ ಹಾಸಿಗೆಯ ಅಂಚಿನಲ್ಲಿ ಕುಳಿತು ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಇಳಿಯುತ್ತಿತ್ತು.

“ಹೇಳ್ತೀನಿ,” ಎಂದಳು ಕೊನೆಗೆ. “ಇವತ್ತಲ್ಲ. ಇವತ್ತು ಸೂಪು ಆರ್ತಾ ಇದೆ, ಏಳು.”

ಗೆನ್ಯಾ ಎದ್ದಳು, ಸೂಪು ಕುಡಿದಳು, ಇನ್ನೂ ಎರಡು ಚಳಿಗಾಲ ಬದುಕಿದಳು. ಆ ಎರಡು ವರ್ಷ ಬಾಗಿಲು ಹಾಕಿಕೊಂಡಾಗ ಕ್ಲಾವಾ ಅವಳನ್ನು ಒಮ್ಮೊಮ್ಮೆ ಆ ಹೆಸರಿನಿಂದ, ಪಿಸುಮಾತಿನಲ್ಲಿ, ಕರೆಯುತ್ತಿದ್ದಳು. ಗೆನ್ಯಾ ಚಿಕ್ಕ ಹುಡುಗಿಯ ಹಾಗೆ ಓಗೊಡುತ್ತಿದ್ದಳು. ಎರಡನೆಯ ಚಳಿಗಾಲದ ಕೊನೆಗೆ ಎದ್ದು ಓಡಾಡುವ ಶಕ್ತಿ ಹೋಯಿತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮೂರು ಸಲ ಗಂಟೆಯಾಯಿತು. ಕ್ಲಾವಾ ಗೆಳತಿಯ ಮುಖ ನೋಡಿದಳು. ಗೆನ್ಯಾ ಹೂಂ ಎಂದು ತಲೆಯಾಡಿಸಿದಳು.

ಕ್ಲಾವಾ ಕೋಲೂರಿಕೊಂಡು ಹೋದಳು. ಈ ಸಲ ಸರಪಳಿಯನ್ನು ಪೂರ್ತಿ ತೆಗೆದು ಬಾಗಿಲನ್ನು ಅಗಲವಾಗಿ ತೆರೆದಳು.

“ಇದ್ದಾಳೆ,” ಎಂದಳು. “ಶಿಫ್ರಾ ಜಲ್ಮನೊವ್ನಾ ಇಲ್ಲೇ ಇದ್ದಾಳೆ. ಕಾಲೊರೆಸಿಕೊಂಡು ಒಳಗೆ ಬನ್ನಿ.”